ಲಕೋಟೆ ಯಾರ ಕೈಯಲ್ಲಿತ್ತು? ಸತ್ಯಂ ಲೆಕ್ಕಪರಿಶೋಧನೆ: ಒಂದು ಪ್ರಕರಣ ಅಧ್ಯಯನ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದು, ಅದರ ಪ್ರತಿಯನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೂ ಷೇರು ವಿನಿಮಯ ಕೇಂದ್ರಗಳಿಗೂ ಕಳುಹಿಸಿದರು. 2008ರ ಸೆಪ್ಟೆಂಬರ್ 30ರ ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಅಸ್ತಿತ್ವದಲ್ಲೇ ಇಲ್ಲವೆಂದು ಅದರಲ್ಲಿ ಹೇಳಲಾಗಿತ್ತು. ಬರತಕ್ಕ ಬಡ್ಡಿ ಎಂದು ಕಾಣಿಸಿದ್ದ 376 ಕೋಟಿಯೂ ಸುಳ್ಳು, ತಾವು ಹೊಂದಿಸಿ ತಂದಿದ್ದ 1,230 ಕೋಟಿ ರೂಪಾಯಿಯ ಹೊಣೆಯನ್ನು ಲೆಕ್ಕದಲ್ಲಿ ತೋರಿಸಿಲ್ಲ, ಗಿರಾಕಿಗಳಿಂದ ಬರಬೇಕಾದ 2,651 ಕೋಟಿಯಲ್ಲಿ 490 ಕೋಟಿ ಉಬ್ಬಿಸಿದ್ದು ಎಂಬುದು ಉಳಿದ ಮೂರು ಒಪ್ಪಿಗೆಗಳು. ನಾಲ್ಕನ್ನೂ ಕೂಡಿಸಿದರೆ 7,136 ಕೋಟಿ ರೂಪಾಯಿ. ಹಿಂದಿನ ದಿನ 179 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ಆ ಸಂಜೆಗೆ 40 ರೂಪಾಯಿಗೆ ಬಂದು ನಿಂತಿತು.

ಈ ಪ್ರಕರಣವನ್ನು ಕಂಪನಿ ಆಡಳಿತದ ಪಾಠವಾಗಿ, ರಾಜಕೀಯ ಮತ್ತು ಭೂ ವ್ಯವಹಾರದ ಕಥೆಯಾಗಿ ಬೇಕಾದಷ್ಟು ಜನ ಬರೆದಿದ್ದಾರೆ. ಇಲ್ಲಿ ನಾನು ನೋಡಹೊರಟಿರುವುದು ಒಂದೇ ಪ್ರಶ್ನೆ. 2000ದ ಜೂನ್ ತ್ರೈಮಾಸಿಕದಿಂದ 2008ರ ಸೆಪ್ಟೆಂಬರ್ ತ್ರೈಮಾಸಿಕದವರೆಗೆ ಪ್ರೈಸ್ ವಾಟರ್‌ಹೌಸ್ ಸಂಸ್ಥೆ ಈ ಕಂಪನಿಯ ಲೆಕ್ಕಪರಿಶೋಧನೆ ಮಾಡಿತ್ತು. ಎಂಟು ವರ್ಷಕ್ಕೂ ಮೀರಿದ ಈ ಅವಧಿಯಲ್ಲಿ ಒಬ್ಬ ಆಡಿಟರ್ ಸಾಮಾನ್ಯವಾಗಿ ಮಾಡುವ ಯಾವ ಪರೀಕ್ಷೆಗೆ ಈ ಸುಳ್ಳು ಸಿಕ್ಕಬೇಕಾಗಿತ್ತು, ಮತ್ತು ಅದು ಸಿಗದೆ ಹೋದದ್ದು ಪರೀಕ್ಷೆಯ ಯಾವ ಹಂತದಲ್ಲಿ?

ಪತ್ರದ ಅಂಕಿಗಳನ್ನು ಓದುವ ಬಗೆ

ಪರಿಶೋಧನೆ ಕಲಿಯುವ ಹುಡುಗರಿಗೆ ನಾನು ಈ ಪತ್ರವನ್ನು ಕೊಟ್ಟು, ಕ್ಯಾಲ್ಕುಲೇಟರ್ ಹಿಡಿದು ಓದಿ ಎನ್ನುತ್ತೇನೆ. ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಕಂಪನಿ ಘೋಷಿಸಿದ ವರಮಾನ 2,700 ಕೋಟಿ, ನಿಜವಾದದ್ದು 2,112 ಕೋಟಿ. ವ್ಯತ್ಯಾಸ 588 ಕೋಟಿ. ಘೋಷಿಸಿದ ನಿರ್ವಹಣಾ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ವ್ಯತ್ಯಾಸ ಮತ್ತೆ 588 ಕೋಟಿ. ಅದೇ ಮೂರು ತಿಂಗಳಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು ಕೃತಕವಾಗಿ ಏರಿದ್ದು 588 ಕೋಟಿ. ಒಂದೇ ಸಂಖ್ಯೆ ಮೂರು ಕಡೆ ಕುಳಿತಿದೆ. ಇಲ್ಲದ ಕೆಲಸಕ್ಕೆ ಬಿಲ್ ಮಾಡಿದಾಗ ಅದಕ್ಕೆ ಸಂಬಳದ ಖರ್ಚಿಲ್ಲ, ಪ್ರಯಾಣದ ಖರ್ಚಿಲ್ಲ, ಹಾಗಾಗಿ ಬಿಲ್ಲಿನ ಪ್ರತಿ ರೂಪಾಯಿಯೂ ನೇರವಾಗಿ ಲಾಭಕ್ಕೆ ಇಳಿಯುತ್ತದೆ. ಆ ಬಿಲ್ಲಿನ ಹಣ ಬಂದಿದೆ ಎಂದು ಬರೆದ ಮೇಲೆ ಅದೇ ರೂಪಾಯಿ ಬ್ಯಾಂಕ್ ಖಾತೆಯಲ್ಲಿ ಹೋಗಿ ಕೂರುತ್ತದೆ. ಶೇ. 3ರ ಲಾಭ ಶೇ. 24 ಆದದ್ದು ಹೀಗೆ.

ಇನ್ನೊಂದು ಲೆಕ್ಕವೂ ಇದೆ. 5,361 ಕೋಟಿಯಲ್ಲಿ 5,040 ಕಳೆದರೆ ನಿಜವಾಗಿ ಇದ್ದ ಹಣ 321 ಕೋಟಿ ಮಾತ್ರ. ಸುಳ್ಳು ಬಡ್ಡಿ 376 ಕೋಟಿ. ಅಂದರೆ ಇಲ್ಲದ ಠೇವಣಿಯ ಮೇಲೆ ಇನ್ನೂ ಬರದ ಬಡ್ಡಿಯೇ ಇದ್ದ ಹಣಕ್ಕಿಂತ ಹೆಚ್ಚಾಗಿತ್ತು!

ಸುಳ್ಳು ವರಮಾನದ ಪ್ರಕರಣಗಳಲ್ಲಿ ಕೊಳೆ ಸಾಮಾನ್ಯವಾಗಿ ಬರತಕ್ಕ ಬಾಕಿಯಲ್ಲಿ ಶೇಖರವಾಗುತ್ತದೆ. ಯಾರೂ ಹಣ ಕೊಡುವುದಿಲ್ಲವಾದ್ದರಿಂದ ಬಾಕಿ ಹಳತಾಗುತ್ತ ಹೋಗುತ್ತದೆ, 90 ದಿನ, 180 ದಿನ ದಾಟುತ್ತದೆ, ವಸೂಲಾಗದಿದ್ದರೆ ಎಂದು ಲಾಭದಿಂದ ಅದಕ್ಕೆ ಅವಕಾಶ ನಿಧಿ ಎತ್ತಿಡಿ ಎಂದು ಆಡಿಟರ್ ಪಟ್ಟು ಹಿಡಿಯುತ್ತಾನೆ. ಸತ್ಯಂನಲ್ಲಿ ಬಾಕಿಯ ಉಬ್ಬರ 490 ಕೋಟಿಗೆ ನಿಂತು, ಅದರ ಹತ್ತು ಪಟ್ಟಿಗೂ ಮಿಕ್ಕಿ ಬ್ಯಾಂಕಿನಲ್ಲಿ ಕೂತಿತ್ತು. ಆಡಿಟರುಗಳು ಬಾಕಿಯನ್ನು ಅನುಮಾನದಿಂದ ನೋಡುತ್ತಾರೆ, ಬ್ಯಾಂಕ್ ಶಿಲ್ಕನ್ನು ನಿರಾಳವಾಗಿ ನೋಡುತ್ತಾರೆ ಎಂಬುದನ್ನು ಸುಳ್ಳು ಲೆಕ್ಕ ಬರೆದವರು ಚೆನ್ನಾಗಿ ಅರಿತಿದ್ದರು ಎಂದೇ ನನ್ನ ಅಭಿಪ್ರಾಯ. ಬ್ಯಾಂಕ್ ಶಿಲ್ಕು ಹಳತಾಗುವುದಿಲ್ಲ, ಅದಕ್ಕೆ ಅಂದಾಜು ಬೇಕಿಲ್ಲ. ಒಂದು ಕಾಗದ ತಂದು ತೋರಿಸಿದರೆ ಟಿಕ್ ಬೀಳುತ್ತದೆ.

ಸುಳ್ಳು ಬಿಲ್ಲು ತಯಾರಾದ ದಾರಿ

1987ರಲ್ಲಿ ಆರಂಭವಾಗಿ, 2001ರಿಂದ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲೂ ನೋಂದಾಯಿತವಾಗಿದ್ದ ಈ ಕಂಪನಿಯಲ್ಲಿ ಬಿಲ್ ತಯಾರಿಸಲು ಸಾಕಷ್ಟು ಬಿಗಿಯಾದ ವ್ಯವಸ್ಥೆಯಿತ್ತು. ಯೋಜನೆಯೊಂದು ಮೊದಲು ಯೋಜನಾ ತಂತ್ರಾಂಶದಲ್ಲಿ ದಾಖಲಾಗಬೇಕು, ಅದರಲ್ಲಿ ದುಡಿದವರ ಗಂಟೆಗಳು ನಮೂದಾಗಬೇಕು, ಆ ಗಂಟೆಗಳ ಆಧಾರದಲ್ಲಿ ಬಿಲ್ಲಿನ ಮೊತ್ತ ಏಳಬೇಕು, ಕೊನೆಗೆ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿ ಬಿಲ್ ಹೊರಬಂದು ಲೆಕ್ಕದ ಪುಸ್ತಕಕ್ಕೆ ಸೇರಬೇಕು. ಕೇಂದ್ರೀಯ ತನಿಖಾ ದಳ ಬಯಲಿಗೆ ತಂದಂತೆ, ಸುಳ್ಳು ಬಿಲ್ಲುಗಳು ಈ ಮೆಟ್ಟಿಲುಗಳನ್ನು ಹತ್ತಿ ಬಂದವಲ್ಲ. ಎಕ್ಸೆಲ್ ಹಾಳೆಯಿಂದ ನೇರವಾಗಿ ಕೊನೆಯ ಹಂತಕ್ಕೆ ಸುರಿಯುವ ಒಂದು ಸೌಲಭ್ಯವಿತ್ತು. ತುರ್ತಿನ ಸಂದರ್ಭಕ್ಕೆಂದು ಇಟ್ಟ ಹಿತ್ತಲ ಬಾಗಿಲು ಅದು. 'ಸೂಪರ್ ಯೂಸರ್' ಎಂಬ ವಿಶೇಷ ಅಧಿಕಾರದ ಲಾಗಿನ್ನಿನಿಂದ ಆ ಬಾಗಿಲ ಮೂಲಕ ಬಿಲ್ಲುಗಳನ್ನು ಒಳಕ್ಕೆ ಹಾಕಲಾಯಿತು. ಪ್ರತಿ ಬಿಲ್ಲಿಗೂ ಎರಡರಲ್ಲಿ ಒಂದು ಗುರುತು ಇರುತ್ತಿತ್ತು: 'ಎಸ್' ಎಂದರೆ ತೋರಿಸು, 'ಎಚ್' ಎಂದರೆ ಬಚ್ಚಿಡು. 'ಎಚ್' ಬಿದ್ದ ಬಿಲ್ಲು ಆಯಾ ವ್ಯವಹಾರ ವಿಭಾಗದ ಸಿಬ್ಬಂದಿಯ ಪರದೆಯ ಮೇಲೆ ಕಾಣುತ್ತಿರಲಿಲ್ಲ, ಆದರೆ ಒಟ್ಟು ವರಮಾನದಲ್ಲಿ ಸೇರಿರುತ್ತಿತ್ತು. ತನಿಖಾ ದಳದ ಎಣಿಕೆಯಂತೆ ಇಂಥ ಬಿಲ್ಲುಗಳು 7,561.

ಕಂಪನಿಯಲ್ಲಿ ಬಿಲ್ಲಿನ ಮೇಲೆ ನಿಯಂತ್ರಣವೇ ಇರಲಿಲ್ಲ ಎಂದು ಹೇಳಲಾಗದು. ನಿಯಂತ್ರಣ ಇತ್ತು, ಅದನ್ನು ದಾಟುವ ಅಧಿಕಾರವೂ ಅದರ ಪಕ್ಕದಲ್ಲೇ ಇತ್ತು. ಬೀಗ ಎಷ್ಟು ಗಟ್ಟಿ ಎಂದು ಪರೀಕ್ಷಿಸುವ ಆಡಿಟರ್, ಇನ್ನೊಂದು ಕೀಲಿಕೈ ಯಾರ ಬಳಿ ಇದೆ ಎಂದೂ ಕೇಳಬೇಕಾಗುತ್ತದೆ.

ಆಂತರಿಕ ನಿಯಂತ್ರಣವನ್ನು ಪರೀಕ್ಷಿಸುವಾಗ ನಾವು ಮೊದಲು ಮಾಡುವುದು ಒಂದು ವ್ಯವಹಾರವನ್ನು ಹಿಡಿದು ಅದರ ಜೊತೆ ಹುಟ್ಟಿನಿಂದ ಕೊನೆಯವರೆಗೆ ನಡೆದು ನೋಡುವುದು. ಒಪ್ಪಂದ, ಕೆಲಸದ ಗಂಟೆ, ಬಿಲ್, ವಸೂಲಿ ಹೀಗೆ. ಇದರಲ್ಲಿ ದಿಕ್ಕು ಬಹಳ ಮುಖ್ಯ. ಒಪ್ಪಂದದಿಂದ ಹೊರಟು ಲೆಕ್ಕದ ಪುಸ್ತಕಕ್ಕೆ ಹೋದರೆ, ಆದ ಕೆಲಸವೆಲ್ಲ ಲೆಕ್ಕಕ್ಕೆ ಬಂದಿದೆಯೇ ಎಂಬುದು ತಿಳಿಯುತ್ತದೆ. ಲೆಕ್ಕದಲ್ಲಿರುವುದೆಲ್ಲ ಆದ ಕೆಲಸವೇ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಲೆಕ್ಕದ ಪುಸ್ತಕದಿಂದ ಹಿಂದಕ್ಕೆ ನಡೆಯಬೇಕು. ಸತ್ಯಂನ ಒಂದು 'ಎಚ್' ಬಿಲ್ಲನ್ನು ಹಿಡಿದು ಹಿಂದಕ್ಕೆ ಹೆಜ್ಜೆ ಹಾಕಿದ್ದರೆ ಎರಡನೆಯ ಹೆಜ್ಜೆಗೇ ದಾರಿ ಮುಗಿಯುತ್ತಿತ್ತು, ಏಕೆಂದರೆ ಅದರ ಹಿಂದೆ ಗಂಟೆಗಳಿಲ್ಲ, ಯೋಜನೆಯಿಲ್ಲ, ಗಿರಾಕಿಯ ಆದೇಶವಿಲ್ಲ.

ಮಾದರಿ ಎತ್ತಿ ನೋಡುವಾಗ ಇವು ಕೈಗೆ ಸಿಗುತ್ತಿದ್ದವೇ? ಇಲ್ಲೂ ಒಂದು ಸಣ್ಣ ಲೆಕ್ಕ ಮಾಡಬಹುದು. ಸೆಪ್ಟೆಂಬರ್ ತ್ರೈಮಾಸಿಕದ ವರಮಾನದಲ್ಲಿ ಸುಳ್ಳಿನ ಪಾಲು 2,700ಕ್ಕೆ 588, ಅಂದರೆ ಹೆಚ್ಚುಕಡಿಮೆ ಶೇ. 22. ಮೊತ್ತದ ತೂಕಕ್ಕೆ ತಕ್ಕಂತೆ, ಯಾವುದೇ ಆಯ್ಕೆಯಿಲ್ಲದೆ 25 ಬಿಲ್ಲುಗಳನ್ನು ಎತ್ತಿದರೆ ಅವುಗಳಲ್ಲಿ ಒಂದೂ ಸುಳ್ಳಿನದ್ದಾಗಿರದ ಸಂಭವ ಸಾವಿರಕ್ಕೆ ಎರಡು. ಹಾಗಾಗಿ "ಇಷ್ಟು ದೊಡ್ಡ ಕಂಪನಿಯಲ್ಲಿ ಎಲ್ಲವನ್ನೂ ನೋಡಲಾಗುತ್ತದೆಯೇ, ಮಾದರಿಯಲ್ಲಿ ತಪ್ಪಿಸಿಕೊಂಡಿರಬಹುದು" ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಒಂದೋ ಮಾದರಿ ಎತ್ತಿದ ಪಟ್ಟಿಯೇ ಪೂರ್ತಿ ಪಟ್ಟಿ ಆಗಿರಲಿಲ್ಲ, ಇಲ್ಲವೇ ಸುಳ್ಳು ಬಿಲ್ಲು ಕೈಗೆ ಬಂದರೂ ಅದಕ್ಕೆ ಕೊಟ್ಟ ಕಾಗದಗಳನ್ನು ಹಾಗೆಯೇ ಒಪ್ಪಲಾಯಿತು. ಮೊದಲನೆಯದನ್ನು ತಡೆಯಲು ಒಂದು ಸರಳ ಕ್ರಮವಿದೆ: ಕಂಪನಿಯವರು ಕೊಟ್ಟ ಬಿಲ್ಲುಗಳ ಪಟ್ಟಿಯ ಒಟ್ಟು ಮೊತ್ತವನ್ನು ಲೆಡ್ಜರಿನ ವರಮಾನದ ಮೊತ್ತಕ್ಕೆ ತಾಳೆ ಹಾಕಿಯೇ ಮಾದರಿ ಎತ್ತುವುದು. ವಿಭಾಗದವರ ಪರದೆಯಿಂದ ಬಂದ ಪಟ್ಟಿಯಾಗಿದ್ದರೆ ತಾಳೆಯಲ್ಲಿ ನೂರಾರು ಕೋಟಿ ಕಡಿಮೆ ಬೀಳುತ್ತಿತ್ತು.

ಬ್ಯಾಂಕಿನ ಕಾಗದ

ಎರಡನೆಯ ಸಾಧ್ಯತೆ ಹೆಚ್ಚು ಮುಖ್ಯ, ಏಕೆಂದರೆ ಪ್ರಕರಣದ ತಿರುಳು ಅಲ್ಲಿದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ ಹೇಳಿರುವಂತೆ, ಸುಳ್ಳು ಬಿಲ್ಲುಗಳ ಹಣ ಪಾವತಿಯಾಗಿದೆ ಎಂದು ತೋರಿಸಲು ಕಂಪನಿಯೊಳಗೆ ಸುಳ್ಳು ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ತಯಾರಿಸಲಾಗಿತ್ತು. ಬಿಲ್ಲಿನ ಹಣ ಮುಂದೆ ಬಂದಿತೇ ಎಂದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕುವುದು ಬಾಕಿಯನ್ನು ಪರೀಕ್ಷಿಸುವ ಒಂದು ಒಪ್ಪಿತ ವಿಧಾನ. ಸ್ಟೇಟ್‌ಮೆಂಟೇ ಸುಳ್ಳಾದರೆ ಬಿಲ್ಲೂ ಬ್ಯಾಂಕೂ ಒಂದಕ್ಕೊಂದು ಸುಳ್ಳು ಸಾಕ್ಷಿ ಹೇಳಿಕೊಳ್ಳುತ್ತವೆ. ಕಳ್ಳನಿಗೆ ಕಳ್ಳನೇ ಜಾಮೀನು ನಿಂತಂತೆ. ಈ ವೃತ್ತವನ್ನು ಮುರಿಯಬಲ್ಲವನು ಹೊರಗಿನವನು, ಅಂದರೆ ಬ್ಯಾಂಕ್.

ಅದಕ್ಕಾಗಿಯೇ ದೃಢೀಕರಣ ಪತ್ರ ಎಂಬುದೊಂದಿದೆ. ವರ್ಷಾಂತ್ಯದ ದಿನಕ್ಕೆ ಇಂಥ ಖಾತೆಯಲ್ಲಿ, ಇಂಥ ಠೇವಣಿಯಲ್ಲಿ ಎಷ್ಟು ಹಣವಿದೆ, ಸಾಲವೆಷ್ಟು, ಒತ್ತೆ ಏನಾದರೂ ಇದೆಯೇ ಎಂದು ಕೇಳುವ ಪತ್ರ ಕಂಪನಿಯ ಲೆಟರ್‌ಹೆಡ್ಡಿನಲ್ಲೇ ಇರುತ್ತದೆ, ಕಂಪನಿಯ ಅಧಿಕಾರಿಯೇ ಸಹಿ ಹಾಕುತ್ತಾರೆ. ಗ್ರಾಹಕರ ಅನುಮತಿ ಇಲ್ಲದೆ ಬ್ಯಾಂಕ್ ಉತ್ತರಿಸುವುದಿಲ್ಲವಲ್ಲ. ಆದರೆ ಸಹಿ ಆದ ಮೇಲೆ ಆ ಪತ್ರ ಕಂಪನಿಯವರ ಕೈ ಸೇರಬಾರದು. ವಿಳಾಸವನ್ನು ಆಡಿಟರ್ ಸ್ವತಂತ್ರವಾಗಿ ಪರಿಶೀಲಿಸಬೇಕು, ಲಕೋಟೆ ಅಂಟಿಸುವುದು, ಅಂಚೆಗೆ ಹಾಕುವುದು ಅವನ ಕಡೆಯವರೇ ಆಗಬೇಕು, ಉತ್ತರ ಬರಬೇಕಾದದ್ದು ಅವನ ಕಚೇರಿಯ ವಿಳಾಸಕ್ಕೆ. ಇದು ಪುಸ್ತಕದ ಬದನೆಕಾಯಿ ಅಲ್ಲ. ಆಗ ಭಾರತದಲ್ಲಿ ಜಾರಿಯಲ್ಲಿದ್ದ, ನಂತರ ಎಸ್‌ಎ 505 ಎಂದು ಹೆಸರಾದ ಮಾನದಂಡವೇ, ಪತ್ರ ಕಳುಹಿಸುವುದರಿಂದ ಉತ್ತರ ಪಡೆಯುವವರೆಗಿನ ಹತೋಟಿ ಪರಿಶೋಧಕನದ್ದೇ ಆಗಿರಬೇಕೆಂದು ಹೇಳಿತ್ತು.

ನಿಜ ಜೀವನದಲ್ಲಿ ಈ ಹತೋಟಿ ಹೇಗೆ ಕೈಜಾರುತ್ತದೆ ಎಂಬುದನ್ನು ಹೇಳಲು ನನ್ನದೇ ಒಂದು ಅನುಭವ ಸಾಕು. ನಾನು ಆಡಿಟರ್ ಕಚೇರಿಯಲ್ಲಿ ಕೆಲಸ ಕಲಿಯುವ ಆರ್ಟಿಕಲ್ ಹುಡುಗನಾಗಿದ್ದಾಗ, ಬೆಂಗಳೂರಿನ ಒಂದು ವ್ಯಾಪಾರಿ ಸಂಸ್ಥೆಯ ಆಡಿಟ್‌ಗೆ ಹೋಗಿದ್ದೆ. ಮೂರು ಬ್ಯಾಂಕುಗಳಿಗೆ ಪತ್ರ ಸಿದ್ಧವಾಗಿತ್ತು. ಏಪ್ರಿಲ್ ತಿಂಗಳ ಬಿಸಿಲು. ಅಲ್ಲಿನ ಅಕೌಂಟೆಂಟ್ ವಯಸ್ಸಾದವರು, ಒಳ್ಳೆಯವರು. "ನೀವ್ಯಾಕೆ ಬಿಸಿಲಲ್ಲಿ ಅಲೀತೀರಪ್ಪ, ನಮ್ಮ ಹುಡುಗ ಹೇಗೂ ಬ್ಯಾಂಕಿಗೆ ಹೋಗ್ತಾನೆ, ಸೀಲ್ ಹಾಕಿಸ್ಕೊಂಡೇ ಬರ್ತಾನೆ" ಎಂದು ಕೈ ಚಾಚಿದರು. ಆ ಹೊತ್ತಿಗೆ ಟೇಬಲ್ಲಿನ ಮೇಲೆ ಕಾಫಿಯೂ ಬಂದಿತ್ತು. ನಾನು ಪತ್ರಗಳನ್ನು ಕೊಟ್ಟುಬಿಟ್ಟೆ. ಸಂಜೆಗೆ ಮೂರೂ ಪತ್ರಗಳು ಸೀಲು ಸಹಿಯೊಂದಿಗೆ ಮರಳಿ ಬಂದವು, ಅಂಕಿಗಳು ಪೈಸೆಗೆ ಪೈಸೆ ತಾಳೆಯಾದವು, ಫೈಲಿಗೆ ಸೇರಿದವು. ಬಹುಶಃ ಎಲ್ಲವೂ ಸರಿಯಾಗಿಯೇ ಇತ್ತು. ಮರುದಿನ ನನ್ನ ಸೀನಿಯರ್ ಆ ಮೂರು ಹಾಳೆಗಳನ್ನು ಎತ್ತಿ ನೋಡಿ, "ಇದು ಯಾವ ಅಂಚೆಯಲ್ಲಿ ಬಂತು? ಲಕೋಟೆ ಎಲ್ಲಿ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಅವರು ಮೂರನ್ನೂ ಹರಿದು ಹಾಕಿ, ಹೊಸದಾಗಿ ಬರೆಸಿ, ಸ್ವತಃ ಅಂಚೆಗೆ ಹಾಕಿದರು. ಆಗ ಅದು ನನಗೆ ಅತಿರೇಕ ಎನಿಸಿತ್ತು.

ಸತ್ಯಂ ಪ್ರಕರಣದಲ್ಲಿ 2011ರ ಏಪ್ರಿಲ್ 5ರ ಆದೇಶದಲ್ಲಿ ಎಸ್‌ಇಸಿ ಹೇಳಿದ್ದೂ ಇದನ್ನೇ. ಬ್ಯಾಂಕ್ ದೃಢೀಕರಣ ಪತ್ರಗಳನ್ನು ಕಳುಹಿಸುವ, ಉತ್ತರ ಪಡೆಯುವ ಕೆಲಸದ ಹತೋಟಿಯನ್ನು ಪರಿಶೋಧನಾ ತಂಡ ಸಂಪೂರ್ಣವಾಗಿ ಕಂಪನಿಯ ಆಡಳಿತದವರಿಗೆ ಬಿಟ್ಟುಕೊಟ್ಟಿತ್ತು. ಬ್ಯಾಂಕಿನವು ಎನ್ನಲಾದ ಉತ್ತರಗಳು ಕಂಪನಿಯವರ ಮೂಲಕವೇ ಬಂದವು. ಕೆಲವು ಶಾಖೆಗಳಿಂದ ನೇರವಾಗಿ ಬಂದ ಉತ್ತರಗಳಿಗೂ ಕಂಪನಿಯ ಮೂಲಕ ಬಂದ ಉತ್ತರಗಳಿಗೂ ಇದ್ದ ವ್ಯತ್ಯಾಸವನ್ನು ತಂಡ ಬೆನ್ನು ಹತ್ತಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ತೊಂದರೆ ಕೊಡುವ ವಿವರ ಇದು. ಪತ್ರವನ್ನು ಕಂಪನಿಯವರ ಕೈಗೆ ಕೊಟ್ಟದ್ದು ಸೋಮಾರಿತನವೋ ಸಲುಗೆಯೋ ಎನ್ನಬಹುದು, ಆದರೆ ಒಂದೇ ಬ್ಯಾಂಕಿನ ಎರಡು ಶಾಖೆಗಳ ಕಾಗದ ಬೇರೆ ಬೇರೆ ಧಾಟಿಯಲ್ಲಿ ಮೇಜಿನ ಮೇಲೆ ಇದ್ದಾಗ ಅವನ್ನು ಅಕ್ಕಪಕ್ಕ ಇಟ್ಟು ನೋಡದಿರುವುದಕ್ಕೆ ಸುಲಭದ ವಿವರಣೆ ನನಗೆ ಸಿಕ್ಕಿಲ್ಲ. ಗಿರಾಕಿಗಳ ಬಾಕಿಯ ದೃಢೀಕರಣವೂ ಸರಿಯಾಗಿ ನಡೆದಿರಲಿಲ್ಲ ಎಂದು ಅದೇ ಆದೇಶ ಹೇಳುತ್ತದೆ. ಹತೋಟಿ ಬಿಟ್ಟುಕೊಡುವ ಈ ರೂಢಿ ಸತ್ಯಂಗೆ ಮಾತ್ರ ಸೀಮಿತವಾಗಿರದೆ ಸಂಸ್ಥೆಯ ಗುಣಮಟ್ಟ ನಿಯಂತ್ರಣದ ದೊಡ್ಡ ಲೋಪದ ಸೂಚನೆಯಾಗಿತ್ತು ಎಂಬುದೂ ಅದರಲ್ಲಿದೆ.

ಕಾಗದವನ್ನು ಬಿಟ್ಟು ಬೇರೆ ದಾರಿಯಿಂದಲೂ ಈ ಶಿಲ್ಕನ್ನು ಪರೀಕ್ಷಿಸಬಹುದಿತ್ತು. ಭಾರತದ ಶಾಖೆಯಲ್ಲಿ ಇಟ್ಟ ಠೇವಣಿಗೆ ಬ್ಯಾಂಕ್ ಬಡ್ಡಿ ಹಾಕುವಾಗ ಮೂಲದಲ್ಲೇ ತೆರಿಗೆ ಕಡಿಯುತ್ತದೆ, ಅದಕ್ಕೆ ಒಂದು ಪ್ರಮಾಣಪತ್ರ (ಆಗ ಅದರ ಹೆಸರು ಫಾರಂ 16ಎ) ಕೊಡುತ್ತದೆ. ಲೆಕ್ಕದಲ್ಲಿರುವ ಬಡ್ಡಿಯನ್ನು ಈ ಪ್ರಮಾಣಪತ್ರಗಳೊಂದಿಗೆ ಹೋಲಿಸುವುದು ಅರ್ಧ ದಿನದ ಕೆಲಸ. ಖೋಟಾ ಠೇವಣಿ ರಸೀದಿ ತಯಾರಿಸಬಹುದು, ಖೋಟಾ 16ಎ ಕೂಡ ತಯಾರಿಸಬಹುದು, ಆದರೆ ಆ ತೆರಿಗೆ ಸರ್ಕಾರದ ಖಜಾನೆಗೆ ಜಮೆಯಾಗಿರುವಂತೆ ಮಾಡಲು ನಿಜವಾದ ಹಣವೇ ಬೇಕು. ಇಂದಾದರೆ ಕಂಪನಿಯ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿಯನ್ನು ತೆರಿಗೆ ಇಲಾಖೆಯ ಜಾಲತಾಣದಿಂದ ಆಡಿಟರ್ ತನ್ನೆದುರೇ ತೆರೆಸಿ ನೋಡಬಹುದು. ಹಾಗೆಯೇ ಶಿಲ್ಕಿನ ದೊಡ್ಡದೊಂದು ಭಾಗ ನ್ಯೂಯಾರ್ಕ್‌ನಲ್ಲಿದ್ದ ಒಂದು ಭಾರತೀಯ ಬ್ಯಾಂಕಿನ ಶಾಖೆಯ ಚಾಲ್ತಿ ಖಾತೆಯಲ್ಲಿದೆ ಎಂದು ತೋರಿಸಲಾಗಿತ್ತು. ಇಷ್ಟು ಹಣ ಬಡ್ಡಿ ಬಾರದ ಚಾಲ್ತಿ ಖಾತೆಯಲ್ಲಿ ಏಕೆ ಸುಮ್ಮನೆ ಮಲಗಿದೆ ಎಂಬ ಪ್ರಶ್ನೆಯನ್ನು ಕೇಳಲು ಯಾವ ಮಾನದಂಡವೂ ಬೇಕಿಲ್ಲ. ಅಂಗಡಿ ನಡೆಸುವ ಯಾರಾದರೂ ಕೇಳುತ್ತಿದ್ದರು.

1,230 ಕೋಟಿಯ ಲೆಕ್ಕಕ್ಕೆ ಸೇರದ ಹೊಣೆ ಬೇರೆ ಬಗೆಯದು. ಇರುವುದನ್ನು ಇದೆಯೇ ಎಂದು ನೋಡುವುದು ಸುಲಭ, ಬರೆಯದೇ ಬಿಟ್ಟಿರುವುದನ್ನು ಹುಡುಕುವುದು ಕಷ್ಟ. ಬ್ಯಾಂಕಿಗೆ ನಿಜವಾಗಿ ಬಂದ ದೊಡ್ಡ ಜಮೆಗಳ ಮೂಲವನ್ನು ಒಂದೊಂದಾಗಿ ವಿಚಾರಿಸುವುದೊಂದೇ ಇಲ್ಲಿನ ದಾರಿ, ಮತ್ತು ಆ ಪರೀಕ್ಷೆಗೂ ಅಸಲಿ ಸ್ಟೇಟ್‌ಮೆಂಟೇ ಆಧಾರ. ಹೀಗೆ ಎಲ್ಲ ದಾರಿಗಳೂ ಬಂದು ಸೇರುವುದು ಆ ಲಕೋಟೆಗೇ.

ನಿಯಂತ್ರಣದ ಪ್ರಮಾಣಪತ್ರಗಳು

ನ್ಯೂಯಾರ್ಕ್‌ನಲ್ಲಿ ನೋಂದಾಯಿತವಾದ ಕಾರಣ ಸತ್ಯಂಗೆ ಅಮೆರಿಕದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಅನ್ವಯಿಸುತ್ತಿತ್ತು. ಅದರ 404ನೆಯ ವಿಧಿಯಂತೆ ಹಣಕಾಸು ವರದಿಯ ಮೇಲಿನ ಆಂತರಿಕ ನಿಯಂತ್ರಣ ಪರಿಣಾಮಕಾರಿಯಾಗಿದೆಯೇ ಎಂದು ಆಡಳಿತ ವರ್ಗ ಹೇಳಬೇಕು, ಆಡಿಟರ್ ಅದರ ಮೇಲೆ ಅಭಿಪ್ರಾಯ ಕೊಡಬೇಕು. ಇಂಥ ಕೆಲಸ ಮಾಡಿದವರಿಗೆ ಗೊತ್ತು: ನೂರಾರು ನಿಯಂತ್ರಣಗಳ ಪಟ್ಟಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಪ್ರತಿಯೊಂದಕ್ಕೂ ಸಾಕ್ಷ್ಯದ ಫೈಲು. ಬಿಲ್ಲಿಗೆ ವಿಭಾಗದ ಮುಖ್ಯಸ್ಥನ ಒಪ್ಪಿಗೆ ಇದೆಯೇ, ಬ್ಯಾಂಕ್ ತಾಳೆಪಟ್ಟಿಗೆ ಇಬ್ಬರ ಸಹಿ ಇದೆಯೇ ಎಂಬುದೆಲ್ಲ ಪರೀಕ್ಷೆಯಾಗುತ್ತದೆ. ಖೋಟಾ ಸ್ಟೇಟ್‌ಮೆಂಟನ್ನು ಆಧರಿಸಿ ಮಾಡಿದ ತಾಳೆಪಟ್ಟಿಗೂ ಇಬ್ಬರು ಸಹಿ ಹಾಕಬಹುದು. ನಿಯಂತ್ರಣ ಕೆಲಸ ಮಾಡಿದೆ ಎಂಬ ಗುರುತು ಬೀಳುತ್ತದೆ.

ಆಡಳಿತದ ಮೇಲಿನವರೇ ನಿಯಂತ್ರಣವನ್ನು ದಾಟುವ ಅಪಾಯ ಪ್ರತಿ ಕಂಪನಿಯಲ್ಲೂ ಇದ್ದೇ ಇರುತ್ತದೆ ಎಂದು ವಂಚನೆಯ ಕುರಿತ ಮಾನದಂಡ ಎಸ್‌ಎ 240 ಇಂದು ಕಟ್ಟುನಿಟ್ಟಾಗಿ ಹೇಳುತ್ತದೆ. ಈ ಅಪಾಯವಿಲ್ಲ ಎಂದು ತೀರ್ಮಾನಿಸುವ ಸ್ವಾತಂತ್ರ್ಯವೇ ಆಡಿಟರಿಗಿಲ್ಲ. ಲೆಕ್ಕದ ಪುಸ್ತಕಕ್ಕೆ ಹಾಕಿದ ಜರ್ನಲ್ ನಮೂದುಗಳನ್ನು ಅವನು ಪರೀಕ್ಷಿಸಲೇಬೇಕು. ಸತ್ಯಂನ ಕಣ್ಣಿನಿಂದ ನೋಡಿದರೆ ಆ ಪರೀಕ್ಷೆಯ ಪ್ರಶ್ನೆಗಳು ತೀರ ಸ್ಪಷ್ಟ. ಸೂಪರ್ ಯೂಸರ್ ಲಾಗಿನ್ ಎಷ್ಟು ಜನರ ಬಳಿ ಇದೆ? ಅದರಿಂದ ಆದ ನಮೂದುಗಳ ಪಟ್ಟಿ ಎಲ್ಲಿ? ಎಕ್ಸೆಲ್‌ನಿಂದ ನೇರವಾಗಿ ಒಳಬಂದ ಬಿಲ್ಲುಗಳೆಷ್ಟು, ಅವು ತ್ರೈಮಾಸಿಕದ ಕೊನೆಯ ವಾರದಲ್ಲೇ ಹೆಚ್ಚುತ್ತವೆಯೇ? ಇದಕ್ಕೆ ಕಂಪ್ಯೂಟರ್ ವ್ಯವಸ್ಥೆ ಬಲ್ಲ ಪರಿಶೋಧಕ ಬೇಕು, ಮತ್ತು ಅವನು ಹಣಕಾಸಿನ ತಂಡದ ಜೊತೆ ಕೂತು ಮಾತನಾಡಬೇಕು. ಅನೇಕ ಕಡೆ ಇವರಿಬ್ಬರ ವರದಿಗಳು ಒಂದೇ ಫೈಲಿನಲ್ಲಿದ್ದರೂ ಒಬ್ಬರದನ್ನು ಇನ್ನೊಬ್ಬರು ಓದಿರುವುದಿಲ್ಲ ಎಂಬುದು ನಾನು ಕಂಡ ಮಾತು.

ಇದೇ ಕಂಪನಿಗೆ 2008ರ ಸೆಪ್ಟೆಂಬರಿನಲ್ಲಿ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಆಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಬಯಲಾದದ್ದು ಮತ್ತು ಹೊಣೆ ನಿಂತದ್ದು

ಸುಳ್ಳು ಹೊರಬಂದದ್ದು ಪರಿಶೋಧನೆಯಿಂದಲ್ಲ. 2008ರ ಡಿಸೆಂಬರ್ 16ರಂದು ರಾಜು ಕುಟುಂಬಕ್ಕೆ ಸೇರಿದ, ಭೂಮಿ ಮತ್ತು ನಿರ್ಮಾಣದ ವ್ಯವಹಾರದ ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್‌ಫ್ರಾ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಸತ್ಯಂ ಮಂಡಳಿ ಒಪ್ಪಿತು. ಹೂಡಿಕೆದಾರರು ರೊಚ್ಚಿಗೆದ್ದು ನ್ಯೂಯಾರ್ಕ್‌ನಲ್ಲಿ ಷೇರು ಕುಸಿದದ್ದೇ ತಡ, ಗಂಟೆಗಳೊಳಗೆ ನಿರ್ಧಾರ ಹಿಂತೆಗೆದುಕೊಂಡಿತು. ಇಲ್ಲದ ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿಯನ್ನು ತುಂಬುವ ಕೊನೆಯ ಪ್ರಯತ್ನ ಅದಾಗಿತ್ತು ಎಂದು ರಾಜು ತಮ್ಮ ಪತ್ರದಲ್ಲೇ ಬರೆದರು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಇಲ್ಲದ ನಗದನ್ನು ಭೂಮಿಗಾಗಿ ಖರ್ಚು ಮಾಡಿದಂತೆ ಬರೆದರೆ ಬ್ಯಾಂಕ್ ಖಾತೆ ತಾನಾಗಿಯೇ ಸರಿಹೋಗುತ್ತಿತ್ತು. ಆ ಖರೀದಿ ನಡೆದಿದ್ದರೆ 2009ರ ಮಾರ್ಚಿನಲ್ಲಿ ಬ್ಯಾಂಕಿಗೆ ಎಷ್ಟೇ ಶಿಸ್ತಿನಿಂದ ದೃಢೀಕರಣ ಪತ್ರ ಬರೆದಿದ್ದರೂ ಸುಳ್ಳಿನ ಬಹುಭಾಗ ಅಷ್ಟರಲ್ಲಿ ಬ್ಯಾಂಕಿನಿಂದ ಜಾಗ ಬದಲಿಸಿರುತ್ತಿತ್ತು.

ಜನವರಿ 13ರ ಪತ್ರದಲ್ಲಿ ಪ್ರೈಸ್ ವಾಟರ್‌ಹೌಸ್ ತನ್ನ ಪರಿಶೋಧನಾ ವರದಿಗಳನ್ನು ಇನ್ನು ನಂಬಲಾಗದಿರಬಹುದೆಂದು ತಿಳಿಸಿತು. 2011ರ ಏಪ್ರಿಲಿನಲ್ಲಿ ಆರೋಪಗಳನ್ನು ಒಪ್ಪದೆ, ಅಲ್ಲಗಳೆಯದೆ, ಎಸ್‌ಇಸಿಗೆ 60 ಲಕ್ಷ ಡಾಲರ್, ಅಮೆರಿಕದ ಲೆಕ್ಕಪರಿಶೋಧನಾ ನಿಗಾ ಮಂಡಳಿಗೆ 15 ಲಕ್ಷ ಡಾಲರ್ ದಂಡ ಕಟ್ಟಿ ಅದರ ಐದು ಭಾರತೀಯ ಅಂಗಸಂಸ್ಥೆಗಳು ಇತ್ಯರ್ಥ ಮಾಡಿಕೊಂಡವು. ಹೈದರಾಬಾದಿನ ವಿಶೇಷ ನ್ಯಾಯಾಲಯ 2015ರ ಏಪ್ರಿಲ್ 9ರಂದು ಹತ್ತು ಜನರನ್ನು ತಪ್ಪಿತಸ್ಥರೆಂದು ಘೋಷಿಸಿ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಅವರಲ್ಲಿ ರಾಜು ಸಹೋದರರು, ಹಣಕಾಸು ಮುಖ್ಯಾಧಿಕಾರಿ, ಪ್ರೈಸ್ ವಾಟರ್‌ಹೌಸ್‌ನ ಇಬ್ಬರು ಪರಿಶೋಧಕ ಪಾಲುದಾರರ ಜೊತೆಗೆ ಕಂಪನಿಯ ಆಂತರಿಕ ಪರಿಶೋಧನೆಯ ಮುಖ್ಯಸ್ಥರೂ ಇದ್ದರು. ಮರುತಿಂಗಳು ಮೇಲ್ಮನವಿಯ ಹಂತದಲ್ಲಿ ಶಿಕ್ಷೆ ಅಮಾನತಾಗಿ ಅವರಿಗೆ ಜಾಮೀನು ಸಿಕ್ಕಿತು.

ಸಂಸ್ಥೆಯ ಹೊಣೆಯ ಪ್ರಶ್ನೆ ಇನ್ನೂ ಜಟಿಲವಾಯಿತು. 2018ರ ಜನವರಿಯಲ್ಲಿ ಸೆಬಿ ಪ್ರೈಸ್ ವಾಟರ್‌ಹೌಸ್ ಜಾಲದ ಸಂಸ್ಥೆಗಳು ಎರಡು ವರ್ಷ ನೋಂದಾಯಿತ ಕಂಪನಿಗಳ ಪರಿಶೋಧನೆ ಮಾಡಬಾರದೆಂದು ಆದೇಶಿಸಿತು. 2019ರ ಸೆಪ್ಟೆಂಬರಿನಲ್ಲಿ ಷೇರು ಮೇಲ್ಮನವಿ ನ್ಯಾಯಮಂಡಳಿ ಆ ನಿಷೇಧವನ್ನು ರದ್ದುಪಡಿಸಿತು. ಕೆಲಸದಲ್ಲಿ ಲೋಪವಾಗುವುದು ಬೇರೆ, ವಂಚನೆಯಲ್ಲಿ ಕೈಜೋಡಿಸುವುದು ಬೇರೆ ಎಂಬ ಗೆರೆಯ ಮೇಲೆ ಆ ವಾದ ನಿಂತಿತ್ತು. ಆ ಗೆರೆ ಅಗತ್ಯ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಲಕೋಟೆಯನ್ನು ಗಿರಾಕಿಯ ಕೈಗೆ ಕೊಡುವುದು ವರ್ಷ ವರ್ಷವೂ ನಡೆದರೆ ಅದನ್ನು ಬರಿಯ ಲೋಪ ಎಂದು ಕರೆಯಲು ಮನಸ್ಸು ಹಿಂಜರಿಯುತ್ತದೆ.

ಕಾನೂನು ಆಮೇಲೆ ಬದಲಾಯಿತು. 2013ರ ಕಂಪನಿ ಕಾಯ್ದೆ ಪರಿಶೋಧನಾ ಸಂಸ್ಥೆಯೊಂದು ನೋಂದಾಯಿತ ಕಂಪನಿಯಲ್ಲಿ ಐದು ವರ್ಷಗಳ ಎರಡು ಅವಧಿಗಿಂತ ಹೆಚ್ಚು ಮುಂದುವರಿಯದಂತೆ ಮಾಡಿತು, ಆಂತರಿಕ ಹಣಕಾಸು ನಿಯಂತ್ರಣಗಳ ಮೇಲೆ ಅಭಿಪ್ರಾಯ ಕೊಡುವುದನ್ನು 143ನೆಯ ವಿಧಿಯಲ್ಲಿ ಸೇರಿಸಿತು. 2018ರಲ್ಲಿ ಪರಿಶೋಧಕರ ಮೇಲೆ ನಿಗಾ ಇಡುವ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ ಬಂತು. ಸತ್ಯಂಗೆ ನೇರವಾಗಿ ನಾಟುವುದು ಮಾತ್ರ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಒಂದು ಸಣ್ಣ ನಿಯಮ: ಕಂಪನಿಯ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ನಮೂದಿನ, ಪ್ರತಿ ತಿದ್ದುಪಡಿಯ ಜಾಡು ತಾನಾಗಿ ದಾಖಲಾಗಬೇಕು, ಅದನ್ನು ಆಫ್ ಮಾಡಲು ಬರಬಾರದು, ವರ್ಷವಿಡೀ ಅದು ಚಾಲನೆಯಲ್ಲಿತ್ತೇ ಎಂದು ಆಡಿಟರ್ ಹೇಳಬೇಕು.

2009ರ ಏಪ್ರಿಲಿನಲ್ಲಿ ಷೇರಿಗೆ 58 ರೂಪಾಯಿಯಂತೆ ಟೆಕ್ ಮಹೀಂದ್ರ ಸತ್ಯಂ ಅನ್ನು ಕೊಂಡಿತು. ಮರುಬರೆದ ಲೆಕ್ಕಪತ್ರಗಳು ಹೊರಬಂದದ್ದು 2010ರ ಸೆಪ್ಟೆಂಬರ್ 29ರಂದು, ಅಂದರೆ ತಪ್ಪೊಪ್ಪಿಗೆಯ ನಂತರ ಇಪ್ಪತ್ತು ತಿಂಗಳು ಬಿಟ್ಟು. ಎಷ್ಟು ಅಗೆದರೂ ದಾಖಲೆ ಸಿಗದ ಮೊತ್ತಗಳು ಉಳಿದೇ ಉಳಿದವು. ರಾಜು ಹೊಂದಿಸಿ ತಂದೆನೆಂದ 1,230 ಕೋಟಿ ಯಾರಿಗೆ ಕೊಡಬೇಕಾದ ಹಣ, ಕೊಡಬೇಕಾದದ್ದು ಹೌದೇ ಎಂಬುದು ತೀರ್ಮಾನವಾಗದ ಕಾರಣ ಅದನ್ನು ಸಾಲವೆಂದೂ ಬರೆಯಲಾಗಲಿಲ್ಲ, ಬಿಡಲೂ ಆಗಲಿಲ್ಲ. 2013ರ ವಿಲೀನದ ಬಳಿಕವೂ ಟೆಕ್ ಮಹೀಂದ್ರದ ಬ್ಯಾಲೆನ್ಸ್ ಶೀಟಿನಲ್ಲಿ ಎಷ್ಟೋ ವರ್ಷ ಆ ಮೊತ್ತ ಒಂದು ಪ್ರತ್ಯೇಕ ಸಾಲಿನಲ್ಲಿ ಹಾಗೆಯೇ ಅಚ್ಚಾಗುತ್ತಿತ್ತು: ತನಿಖೆ ಬಾಕಿಯಿರುವ ಅಮಾನತು ಖಾತೆ, ನಿವ್ವಳ.